ಸಾಬಮ್ಮ ಹೊತ್ತಿಗೇ ಬಂದಿದ್ದಳು

ಉಳಿಯಬಹುದಾಗಿದ್ದ ಒಂದು ಎಮ್ಮೆಯನ್ನು ನಾನು ಸಾಯಲು ಬಿಟ್ಟೆ. ಸತ್ತರೆ ವಿಮೆಯ ಹಣ ಬರುತ್ತಿತ್ತು, ಉಳಿಸಲು ಹೋದರೆ ನನ್ನ ಕೈಯಿಂದ ಹೋಗುತ್ತಿತ್ತು — ಇದನ್ನು ಬಿಟ್ಟು ಬೇರೆ ಕಾರಣವಿರಲಿಲ್ಲ. ಅಷ್ಟೇ ಆಗಿದ್ದರೆ... ಇಲ್ಲ, ಅಷ್ಟೇ ಆಗಿದ್ದರೂ ಸಣ್ಣದಲ್ಲ. ಆದರೆ ನಾನು ಅಲ್ಲಿಗೂ ನಿಲ್ಲಲಿಲ್ಲ. ಆ ಸಾವಿನ ಹೊಣೆಯನ್ನು, ಅದನ್ನು ಕರುವಾಗಿದ್ದಾಗಿನಿಂದ ಸಾಕಿದ ಹೆಂಗಸಿನ ಕೊರಳಿಗೆ ಕಟ್ಟಿದೆ. ಅವಳ ಹೆಸರು ಸಾಬಮ್ಮ.

ಇದನ್ನು ಬರೆಯಲು ಹಿಂದೆಯೂ ಕೂತಿದ್ದೇನೆ. ಪ್ರತಿಸಲವೂ ಕಾಲುವೆಯಿಂದ ಶುರು ಮಾಡುತ್ತಿದ್ದೆ — ನೀರು ಹೇಗೆ ಬಂತು, ಬಿಳಿಜೋಳದ ಹೊಲಗಳು ಹೇಗೆ ಭತ್ತದ ಗದ್ದೆಗಳಾದವು, ಬೋನಾಳದ ಕೆರೆಗೆ ಎಲ್ಲೆಲ್ಲಿಂದ ಹಕ್ಕಿಗಳು ಬಂದಿಳಿದವು... ಬರೆಯುತ್ತ ಬರೆಯುತ್ತ ನಿದ್ದೆಯಂಥ ಒಂದು ಸುಖ ಹತ್ತುತ್ತಿತ್ತು. ಎಮ್ಮೆಯ ತನಕ ಬರುವಷ್ಟರಲ್ಲಿ ಪೆನ್ನು ಕೆಳಗಿಡುತ್ತಿದ್ದೆ. ಜೀವಮಾನವೆಲ್ಲ ಮಕ್ಕಳಿಗೆ ಪ್ರಬಂಧ ಬರೆಸಿದವಳಿಗೆ ಪೀಠಿಕೆ ಹಾಕುವುದು ದೊಡ್ಡ ಮಾತೇ? ಅದಕ್ಕೇ ಈ ಸಲ ತಪ್ಪನ್ನು ಮೊದಲ ಸಾಲಿನಲ್ಲೇ ಬರೆದಿಟ್ಟಿದ್ದೇನೆ. ಇನ್ನು ಕಾಲುವೆಯ ಮಾತು ಬಂದರೆ ಬರಲಿ.

ಬಂದೇ ಬರುತ್ತದೆ. ಯಾಕೆಂದರೆ ಸಾಬಮ್ಮ ನನಗೆ ನೆನಪಾಗುವುದೇ ಕಾಲುವೆಯ ದಂಡೆಯ ಮೇಲೆ. ಬೆಳಗಿನ ಹೊತ್ತು, ನೀರಿನ ಮೇಲೆ ತೆಳ್ಳಗೆ ಮಂಜು. ಮಂಜಿನೊಳಗಿಂದ ಮೊದಲು ಒಂದು ಹಾಡಿನ ಗುನುಗು ಬರುತ್ತದೆ, ಆಮೇಲೆ ಎರಡು ಕೋಡು, ಆಮೇಲೆ ಹಣೆಯ ಬಿಳಿ ಚುಕ್ಕೆ. ಕೊನೆಗೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಸಾಬಮ್ಮ. ಹಗ್ಗ ಅವಳ ಕೈಯಲ್ಲಿರುತ್ತಿತ್ತು, ಎಳೆದದ್ದನ್ನು ನಾನು ನೋಡಿಲ್ಲ. ಎಮ್ಮೆ ಮುಂದೆ, ಅವಳು ಹಿಂದೆ — ಯಾರು ಯಾರನ್ನು ಮನೆಗೆ ಕರೆದೊಯ್ಯುತ್ತಿದ್ದಾರೆ ಎಂದು ನನಗೆ ನಗು ಬರುತ್ತಿತ್ತು. ಈಗ ಯಾದಗಿರಿಯ ಮನೆಯಲ್ಲಿ ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಕಣ್ಣು ಮುಚ್ಚಿದರೂ ಅದೇ ದಂಡೆ, ಅದೇ ಮಂಜು. ಕನಸಿನಲ್ಲಿ ಎಮ್ಮೆಗೆ ಏನೂ ಆಗಿರುವುದಿಲ್ಲ. ಅದು ನನ್ನ ಪಕ್ಕದಲ್ಲೇ ಹಾದುಹೋಗುತ್ತದೆ, ಬೆಚ್ಚನೆಯ ಉಸಿರು ಕೈಗೆ ತಾಗುತ್ತದೆ. ಎಚ್ಚರವಾದ ಮೇಲೂ ಕೈ ಸ್ವಲ್ಪ ಹೊತ್ತು ಬೆಚ್ಚಗೇ ಇರುತ್ತದೆ.

ಆಗ ನಾನು ಸುರಪುರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಬೋನಾಳದ ಆಚೆ, ಕಾಲುವೆಯ ಮಗ್ಗುಲಿನ ಹಳ್ಳಿಯೊಂದರ ಶಾಲೆಯಲ್ಲಿ ಟೀಚರು. ಒಂದೇ ಬಸ್ಸು; ಬಂದರೆ ಬಂತು, ಇಲ್ಲದಿದ್ದರೆ ಟ್ರ್ಯಾಕ್ಟರು, ಅದೂ ಇಲ್ಲದಿದ್ದರೆ ಕಾಲು. ಸಂಬಳ ಹೆಚ್ಚಿದ ಬಾಕಿ ಒಟ್ಟಿಗೆ ಕೈಗೆ ಬಂದಾಗ ಒಂದು ಎಮ್ಮೆಗರು ಕೊಂಡೆ. ಕೊಂಡೆನೇನೋ ಸರಿ, ಬಾಡಿಗೆ ಕೋಣೆಯಲ್ಲಿ ಅದನ್ನು ಎಲ್ಲಿ ಕಟ್ಟಲಿ? ಅದಕ್ಕೇ ಆ ಕಡೆಯ ಪದ್ಧತಿಯಂತೆ ಸಾಬಮ್ಮನಿಗೆ ಪಾಲಿಗೆ ಹಾಕಿದೆ.

ಪಾಲಿಗೆ ಹಾಕುವುದೆಂದರೆ ಇಷ್ಟೆ: ದನ ಒಬ್ಬರದು, ಸಾಕುವ ಕೈ ಇನ್ನೊಬ್ಬರದು. ಹಾಲು ಸಾಕಿದವರಿಗೆ. ಮೊದಲ ಕರು ದುಡ್ಡು ಹಾಕಿದವರಿಗೆ, ಎರಡನೆಯದು ಸಾಕಿದವರಿಗೆ. ಮಾರಿದರೂ ಸತ್ತರೂ ಬಂದದ್ದರಲ್ಲಿ ಅರ್ಧರ್ಧ. ಕಾಗದವಿಲ್ಲ, ಸಾಕ್ಷಿಯಿಲ್ಲ, ಎಲೆಅಡಿಕೆ ಕೊಟ್ಟರೆ ಮುಗಿಯಿತು. ಊರಿನಲ್ಲಿ ಯಾರನ್ನು ಕೇಳಿದರೂ ಪಾಲಿಗೆ ಹಾಕಲು ಸಾಬಮ್ಮನ ಹೆಸರನ್ನೇ ಹೇಳುತ್ತಿದ್ದರು. ಅವಳ ಕೈ ಅಂಥದು ಎಂಬ ಮಾತಿತ್ತು. ಕರು ಅಡ್ಡ ಬಂದ ಎಮ್ಮೆಗಳಿಗೆ ಅವಳನ್ನೇ ಕರೆಯುತ್ತಿದ್ದರು. ಒದೆಯುವ ಹಸುವೂ ಅವಳು ಮೈದಡವಿದರೆ ಹಾಲಿಳಿಸುತ್ತಿತ್ತು. ಅವಳ ಗಂಡ ತಿಪ್ಪಣ್ಣ ಕಾಲುವೆಗೆ ಕಾಂಕ್ರೀಟು ಹಾಕುವ ಕೂಲಿ, ಮಾತು ಕಡಿಮೆ. ಮಕ್ಕಳಿರಲಿಲ್ಲ. ನಾನು ಕೊಟ್ಟ ಕರುವಿನ ಹಣೆಯಲ್ಲಿ ಬಿಳಿ ಚುಕ್ಕೆ ಕಂಡು ಅವಳು ಚಂದ್ರಿ ಎಂದು ಹೆಸರಿಟ್ಟಳು. ನಾನು ನಕ್ಕಿದ್ದೆ. ಎಮ್ಮೆಗೆ ಚಂದ್ರನ ಹೆಸರೇ?

ಚಂದ್ರಿ ಬೆಳೆಯಿತು, ಮೊದಲ ಕರು ಹಾಕಿತು. ಆ ಕರು ನನ್ನ ಪಾಲು, ಮಾರಿಬಿಟ್ಟೆ. ಎರಡನೆಯ ಸಲ ಗಬ್ಬಾದಾಗ ಸಾಬಮ್ಮನ ನಡಿಗೆಯೇ ಬದಲಾಯಿತು. ಬರುವ ಕರು ಅವಳದು — ಪಾಲಿನದಲ್ಲ, ಪೂರ್ತಿ ಅವಳದು. ಇಷ್ಟು ವರ್ಷ ಇನ್ನೊಬ್ಬರ ದನವನ್ನೇ ಸಾಕಿ, ಪಾಲಿಗೆ ಬಂದ ಕರುಗಳನ್ನು ಸಾಲಕ್ಕೆ ಮಾರಿದವಳ ಹಟ್ಟಿಯಲ್ಲಿ ಮೊದಲನೆಯ ಸಲ ಅವಳದೇ ಎನ್ನುವ ಒಂದು ಜೀವ. "ಹೆಣ್ಗರಾನೇ ಹಾಕ್ತದ ನೋಡ್ರಿ ಅಕ್ಕೋರ" ಎನ್ನುತ್ತಿದ್ದಳು. ನಮ್ಮ ಕಡೆ ಟೀಚರಮ್ಮನನ್ನು ಅಕ್ಕೋರು ಎನ್ನುತ್ತಾರೆ. ಹೇಗೆ ಗೊತ್ತೆಂದು ಕೇಳಿದರೆ, "ಹೊಟ್ಟಿ ಮ್ಯಾಲ ಕೈ ಇಟ್ರ ಗೊತ್ತಾಗ್ತದ್ರಿ" ಎಂದು ನಗುತ್ತಿದ್ದಳು.

ಅದೇ ದಿನಗಳಲ್ಲಿ ಊರ ಗುಡಿಯ ಅಂಗಳದಲ್ಲಿ ದನಗಳ ವಿಮೆಯ ಶಿಬಿರ ನಡೆಯಿತು. ನಾನು ಹಣ ಕಟ್ಟಿದೆ. ಗುರುತಿಗೆಂದು ಚಂದ್ರಿಯ ಕಿವಿಗೆ ಬಿಲ್ಲೆ ಚುಚ್ಚಿದರು. ಸಾಬಮ್ಮ ಅದರ ಮುಖವನ್ನು ತನ್ನ ಎದೆಗೆ ಒತ್ತಿಕೊಂಡು, ತಾನೇ ಕಣ್ಣು ಮುಚ್ಚಿ ನಿಂತಿದ್ದಳು. ಎಲ್ಲ ಮುಗಿದ ಮೇಲೆ ಕೇಳಿದಳು:

"ಇದೇನ್ ಮಾಡ್ತದ್ರಿ ಅಕ್ಕೋರ, ಈ ಬಿಲ್ಲಿ?"

ಬಸ್ಸು ಆಗಲೇ ಹಾರ್ನ್ ಹೊಡೆಯುತ್ತಿತ್ತು. ನಾನು ಓಡುತ್ತಲೇ ಹೇಳಿದೆ, "ಇನ್ನ ಚಂದ್ರಿ ಚಿಂತಿ ಬಿಡು ಸಾಬಮ್ಮ. ಅದಕ್ಕೇನರ ಆದ್ರ ಸರ್ಕಾರ ನೋಡ್ಕೊಂತದ."

ಅವಳು ಅದನ್ನು ಅಕ್ಷರಶಃ ನಂಬಿದಳು. ವಿಮೆಯೆಂದರೆ ಜೀವ ಉಳಿಸುವುದಕ್ಕೆ ಎಂದು ತಿಳಿದಳು. ಬೇರೆ ಹೇಗೆ ತಿಳಿಯಬೇಕಿತ್ತು? ಇದ್ದಾಗ ಒಂದು ಪೈಸೆ ಬಿಚ್ಚದೆ ಸತ್ತಮೇಲೆ ಗಂಟು ಕೊಡುವುದನ್ನು 'ನೋಡಿಕೊಳ್ಳುವುದು' ಎಂದು ಯಾವ ಬುದ್ಧಿವಂತರು ಕರೆಯುತ್ತಾರೆ? ಶುಕ್ರವಾರ ಎಮ್ಮೆಯ ಮೈತೊಳೆದು ಹಣೆಗೆ ಅರಿಸಿನ ಹಚ್ಚುವಾಗ ಬಿಲ್ಲೆಗೂ ಒಂದು ಬೊಟ್ಟು ಇಡುತ್ತಿದ್ದಳು. ಅವಳ ಪಾಲಿಗೆ ಅದು ಸರ್ಕಾರ ಕಟ್ಟಿದ ತಾಯತ. ನಾನು ನೋಡುತ್ತಿದ್ದೆ, ತಿದ್ದಲಿಲ್ಲ. ತಿದ್ದುವುದೇ ಹೊಟ್ಟೆಪಾಡಾಗಿದ್ದವಳು ಅದೊಂದನ್ನು ತಿದ್ದಲಿಲ್ಲ.

ಆಮೇಲೆ ಆ ದಿನ.

ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಿದ್ದರು. ಸಾಬಮ್ಮ ಶಾಲೆಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದಳು, ಸೆರಗು ಹೆಗಲಿಂದ ಜಾರಿತ್ತು. ಹೊಲದ ಬದುವಿನ ಮೇಲೆ ಓಡಿಕೊಂಡೇ ಬಂದಿದ್ದಳು.

"ಚಂದ್ರಿ ನಿನ್ನಿ ಸಂಜಿಯಿಂದ ಮೆಲುಕಾಡವಲ್ಲದ್ರಿ. ಮುಂಗಾಲು ಅಗಲಿಸಿ ನಿಂತದ, ಮಲಗವಲ್ಲದು, ನರಳಾಕತ್ತದ. ಡಾಕ್ಟರಿಗಿ ಹೇಳಿ ಕಳಸ್ರಿ ಅಕ್ಕೋರ. ಬಿಲ್ಲಿ ಅದಲ್ರಿ, ಉಳಸ್ತಾರಲ್ರಿ?"

ಸಂಜೆ ಕಂಡಿತು, ರಾತ್ರಿ ಸುರಪುರಕ್ಕೆ ಬಸ್ಸಿಲ್ಲ, ಬೆಳಗ್ಗೆ ಬಂದಳು. ಇದನ್ನು ನಾನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ, ಯಾಕೆಂದರೆ ಮುಂದೆ ನಾನು ಆಡಿದ ಮಾತಿಗೆ ಇದೊಂದೇ ಉತ್ತರ. ಅವಳು ಒಂದು ಗಳಿಗೆಯೂ ತಡ ಮಾಡಿರಲಿಲ್ಲ.

ನಾನು ಹೇಳಿ ಕಳಿಸಿದೆ. ದನದ ಡಾಕ್ಟರು ಮಧ್ಯಾಹ್ನದ ಹೊತ್ತಿಗೆ ಮೋಟಾರ್ ಸೈಕಲ್ ಮೇಲೆ ಬಂದರು. ಒಳ್ಳೆಯ ಮನುಷ್ಯ, ನಗುಮುಖ. ಎಮ್ಮೆಯ ಬೆನ್ನು ಹಿಡಿದು ಒತ್ತಿದರು, ಎದೆಯ ಕೆಳಗೆ ಕೋಲು ಕೊಟ್ಟು ಎತ್ತಿಸಿ ನೋಡಿದರು. ಚಂದ್ರಿ ಮನುಷ್ಯರ ಹಾಗೆ ನರಳಿತು. ಸೂಜಿ ಹಾಕಿ, ಕೈತೊಳೆಯುತ್ತ, ಬೇವಿನ ಮರದ ಕೆಳಗೆ ನನ್ನನ್ನು ಕರೆದು ಹೇಳಿದರು. ಸಾಬಮ್ಮ ಒಳಗೆ ಅವರಿಗೆ ಚಹಾ ಕುದಿಸುತ್ತಿದ್ದಳು. ತಿಪ್ಪಣ್ಣ ಕೆಲಸಕ್ಕೆ ಹೋಗಿದ್ದ. ಕೇಳಿಸಿಕೊಂಡವಳು ನಾನೊಬ್ಬಳೇ.

"ತಂತಿ ನುಂಗ್ಯಾದ್ರಿ. ಕಾಲುವಿ ಕೆಲಸದಾಗ ಕಬ್ಬಿಣ ಕಟ್ಟೂ ತಂತಿ ತುಂಡು ಎಲ್ಲಾ ಹುಲ್ಲಾಗ ಬಿದ್ದಾವ, ಈ ಕಡಿ ಹಿಂಥಾವು ಭಾಳ ಬರಾಕತ್ತಾವ. ನಾಳಿ ಟೆಂಪೋದಾಗ ಶಹಾಪುರಕ್ಕ ತರ್ರಿ, ಕೊಯ್ದು ತೆಗೀತೀವಿ. ಹೊತ್ತಿಗೆ ಬಂದೀರಿ, ಉಳಿತದ. ಹೊಟ್ಟ್ಯಾಗಿನ ಕರಕ್ಕೂ ಏನಾಗಂಗಿಲ್ಲ. ಅಲ್ಲೀತನಕ ಮುಂಗಾಲಿನ ಬುಡಕ ಮಣ್ಣು ಏರಿಸಿ ಎತ್ತರಕ್ಕ ನಿಲ್ಲಸ್ರಿ, ತಂತಿ ಮುಂದ ಚುಚ್ಚಂಗಿಲ್ಲ, ನೋವೂ ಕಮ್ಮಿ ಆಗ್ತದ."

ಖರ್ಚು ಕೇಳಿದೆ. ಟೆಂಪೋ, ಔಷಧ, ಆಪರೇಷನ್ನಿನ ಸಾಮಾನು, ಆಮೇಲಿನ ಆರೈಕೆ — ನಾನು ಅಂದುಕೊಂಡದ್ದಕ್ಕಿಂತ ಬಹಳವಿತ್ತು.

"ವಿಮೆ ಅದರಿ" ಎಂದೆ.

ಡಾಕ್ಟರು ನಕ್ಕರು. "ಅದು ಔಷಧಕ್ಕ ಕೊಡಂಗಿಲ್ರಿ ಮೇಡಂ. ಸತ್ರ ಅಷ್ಟ ಕೊಡ್ತದ."

ಅವರು ತಮಾಷೆಗೆ ಅಂದದ್ದು. ಕಿಕ್ ಹೊಡೆದು ಹೊರಟುಹೋದರು. ನಾನು ಬೇವಿನ ನೆರಳಿನಲ್ಲಿ ನಿಂತಿದ್ದೆ. ಗಾಳಿಗೆ ನೆರಳು ನೆಲದ ಮೇಲೆ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು, ದೂರದಲ್ಲಿ ಕಾಲುವೆಯ ನೀರು ತೂಬಿನಿಂದ ಬೀಳುವ ಸದ್ದು. ಆ ಸದ್ದಿನೊಳಗೆ ನನಗೊಂದು ಮೊಪೆಡ್ ಕಂಡಿತು. ಸುಳ್ಳಲ್ಲ, ಕಂಡೇಬಿಟ್ಟಿತು — ಕೆಂಪು ಬಣ್ಣದ್ದು, ಸುರಪುರದ ಅಂಗಡಿಯ ಗಾಜಿನ ಹಿಂದೆ ನಿಂತದ್ದು, ದಿನಾ ಬಸ್ ಸ್ಟ್ಯಾಂಡಿಗೆ ಹೋಗುವಾಗ ನಾನು ನಿಂತು ನೋಡುತ್ತಿದ್ದದ್ದು. ಕೈಲಿದ್ದ ಉಳಿತಾಯ ಎಮ್ಮೆಗೆ ಹಾಕಿದರೆ ಅದು ಹೋಯಿತು. ಎಮ್ಮೆ ಹೋದರೆ... ಯೋಚನೆಯನ್ನು ನಾನು ಪೂರ್ತಿ ಮಾಡಲಿಲ್ಲ. ಪೂರ್ತಿ ಮಾಡಿದ್ದರೆ ನಾಚಿಕೆಯಾಗಿ ನಿಲ್ಲುತ್ತಿದ್ದೆನೋ ಏನೋ. ಅರ್ಧಕ್ಕೇ ಬಿಟ್ಟೆ, ಅರ್ಧದಿಂದಲೇ ಕೆಲಸ ನಡೆದುಹೋಯಿತು.

ಸಾಬಮ್ಮ ಎರಡು ಲೋಟ ಹಿಡಿದು ಹೊರಬಂದಳು. ಡಾಕ್ಟರು ಹೋದದ್ದನ್ನು ನೋಡಿ ಒಂದು ಲೋಟ ಹಾಗೇ ಕೈಲಿ ಉಳಿಯಿತು.

"ಏನಂದ್ರು ಅಕ್ಕೋರ?"

ನಾನು ಹೇಳಿದ ಮಾತು ಇದು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ:

"ತಡ ಆತಂತ ಸಾಬಮ್ಮ. ನಿನ್ನೀನ ಕರಸಿದ್ರ ಏನರ ಮಾಡಬಹುದಿತ್ತಂತ. ಇನ್ನ ಫಲ ಇಲ್ಲಂತ."

ಫಲವಿಲ್ಲ ಎಂದಷ್ಟೇ ಹೇಳಬಹುದಿತ್ತಲ್ಲ. ತಡವಾಯಿತು ಎಂದು ಯಾಕೆ ಸೇರಿಸಿದೆ? ಎಷ್ಟು ಸಲ ಕೇಳಿಕೊಂಡಿದ್ದೇನೆ. ಸುಳ್ಳಿಗೆ ಒಂದು ಕಾರಣ ಬೇಕಿತ್ತು, ಕಾರಣಕ್ಕೆ ಒಬ್ಬರು ಬೇಕಿತ್ತು, ಎದುರಿಗೆ ಅವಳಿದ್ದಳು. ಅಷ್ಟೆ. ಅವಳು ಎದುರಾಡಲಿಲ್ಲ. "ನಿನ್ನಿ ಸಂಜೀಕೇ ಓಡಿ ಬರಬೇಕಿತ್ತು ನಾ" ಎಂದು ತನಗೇ ಹೇಳಿಕೊಂಡಳು. ಆಮೇಲೆ ಕೈಲಿದ್ದ ಲೋಟ ನನಗೆ ಕೊಟ್ಟಳು. ಚಂದ್ರಿಯ ಹಾಲಿನ ಚಹಾ. ನಾನು ಕುಡಿದೆ.

ಮುಂಗಾಲಿಗೆ ಮಣ್ಣು ಏರಿಸುವ ಮಾತನ್ನೂ ಹೇಳಲಿಲ್ಲ. ಹೇಳಿದರೆ ಅವಳಿಗೆ ಆಸೆ ಹುಟ್ಟುತ್ತಿತ್ತು. ಆಸೆ ಹುಟ್ಟಿದರೆ ಪ್ರಶ್ನೆ ಕೇಳುತ್ತಿದ್ದಳು. ಒಂದು ಬುಟ್ಟಿ ಮಣ್ಣು... ಬೇರೆಲ್ಲಕ್ಕೂ ನನ್ನ ಆಸೆಯನ್ನಾದರೂ ಬೈಯಬಹುದು. ಈ ಮಣ್ಣಿಗೆ ನಾನು ಏನನ್ನು ಬೈಯಲಿ? ಅದಕ್ಕೆ ಒಂದು ಪೈಸೆಯ ಖರ್ಚೂ ಇರಲಿಲ್ಲ.

ಮುಂದಿನ ದಿನಗಳು ನೀರೊಳಗಿನಿಂದ ನೋಡಿದಂತೆ ಅಲುಗಾಡುತ್ತ ನೆನಪಾಗುತ್ತವೆ. ನಾನು ಶಾಲೆಗೆ ಹೋಗುವಾಗ ಸಾಬಮ್ಮ ಎಮ್ಮೆಯ ಪಕ್ಕ ಕೂತಿರುತ್ತಿದ್ದಳು, ಬರುವಾಗಲೂ ಅಲ್ಲೇ. ಅದೇ ಗುನುಗು, ಈಗ ಇನ್ನೂ ಸಣ್ಣಗೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕರು ಒಳಗೆ ಆಡುತ್ತಿದೆ ಎನ್ನುತ್ತಿದ್ದಳು. ಒಂದು ದಿನ ಕರು ಆಡುತ್ತಿಲ್ಲ ಎಂದಳು. ಮರುದಿನ ಬೆಳಗ್ಗೆ ಚಂದ್ರಿ ಹೋಯಿತು. ಮೊದಲಿನ ಡಾಕ್ಟರು ತರಬೇತಿಗೆ ಹೋಗಿದ್ದರು. ಸಾವಿನ ಪತ್ರ ಬರೆಯಲು ಬೇರೊಬ್ಬರು ಬಂದರು, ಹೊಟ್ಟೆ ಕೊಯ್ದು ಹುಲ್ಲಿನೊಡನೆ ಹೋದ ತಂತಿಯನ್ನು ಎಲ್ಲರಿಗೂ ತೋರಿಸಿದರು. ಮೊದಲಿನವರು ಹೇಳಿದ್ದೇನೂ ಅವರಿಗೆ ಗೊತ್ತಿರಲಿಲ್ಲ. ನನ್ನ ಅದೃಷ್ಟ ಎಂದುಕೊಂಡೆ — ಹೌದು, ಅವತ್ತು ಅದನ್ನು ಅದೃಷ್ಟವೆಂದೇ ಕರೆದೆ.

ಹಣ ಬರಬೇಕಾದರೆ ಕಿವಿಯ ಬಿಲ್ಲೆ ಒಪ್ಪಿಸಬೇಕಿತ್ತು. ಸಾಬಮ್ಮನೇ ತಂದಳು, ತೊಳೆದು, ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು. ಅದರ ಸಂದಿಯಲ್ಲಿ ಅರಿಸಿನ ಇನ್ನೂ ಉಳಿದಿತ್ತು. ನನ್ನ ಕೈಯಲ್ಲಿಟ್ಟು ಕೇಳಿದಳು, "ಇದ್ದಾಗ ಕಾಯಲಿಲ್ಲ, ಸತ್ತ ಮ್ಯಾಲ ಏನ್ ಕಾಯ್ತದ್ರಿ ಇದು?"

ನಾನು, "ನಿನಗ ಅರ್ಧ ಬರ್ತದ" ಎಂದೆ.

ಕೊಟ್ಟೆ ಕೂಡ. ಇಲ್ಲಿಯೇ ನನ್ನ ನಾಟಕದ ತುತ್ತತುದಿ ಇರುವುದು. ಪದ್ಧತಿಯಂತೆ ಅರ್ಧವನ್ನು, ಗುಡಿಯ ಕಟ್ಟೆಯ ಮೇಲೆ, ನಾಲ್ಕು ಜನರ ಮುಂದೆ ಅವಳ ಕೈಯಲ್ಲಿಟ್ಟೆ. ಎಷ್ಟೋ ಮಂದಿ ವಿಮೆಯ ಹಣವನ್ನು ಪಾಲುಗಾರರಿಗೆ ತೋರಿಸುವುದೂ ಇಲ್ಲ. ಊರು ನನ್ನನ್ನು ಹೊತ್ತು ಮೆರೆಸುವುದೊಂದು ಬಾಕಿ. ನಮ್ಮ ಹೆಡ್ ಮಾಸ್ತರರು ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆ ಪ್ರಾಮಾಣಿಕತೆಯೆಂದರೇನು ಎಂದು ಹೇಳುತ್ತ ನನ್ನ ಕಡೆ ಕೈ ತೋರಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿದೆ. ಅದನ್ನು ವಿನಯ ಎಂದುಕೊಂಡರು.

ಸಾಬಮ್ಮ ಆ ಹಣದಲ್ಲಿ ಮನೆಗೆ ತಗಡು ಹಾಕಿಸಿದಳು. ನಾನು ಮೊಪೆಡ್ ಕೊಂಡೆ. ಮೊದಲ ದಿನ ಅದರ ಮೇಲೆ ಬಂದಾಗ ಅವಳೇ ಹೊರಗೆ ಬಂದು ನಿಂಬೆಹಣ್ಣು ಕಟ್ಟಿದಳು. "ಭಾಳ ದಿನ ನಡಕೊಂತ ಬಂದೀರಿ ಅಕ್ಕೋರ, ಇನ್ನ ಆರಾಮಾತು" ಎಂದಳು. ಕೆಂಪು ಬಣ್ಣದ ಮೇಲೆ ಅವಳ ಕೈ ಆಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಕೆಲವು ತಿಂಗಳ ಮೇಲೆ ಸುರಪುರದ ಬಸ್ ಸ್ಟ್ಯಾಂಡಿನ ಹತ್ತಿರ ಆ ಡಾಕ್ಟರು ಎದುರಾದರು. "ಯಾಕ್ರಿ ಮೇಡಂ, ಎಮ್ಮಿ ತರಲೇ ಇಲ್ಲ?" ಎಂದರು.

"ಸಾಕಿದಾಕಿ ಒಪ್ಪಲಿಲ್ರಿ" ಎಂದೆ. "ಕೊಯ್ಯೂದು ಬ್ಯಾಡ ಅಂತ ಹಟ ಹಿಡಿದ್ಲು."

"ಎಷ್ಟು ಹೇಳಿದ್ರೂ ಇವ್ರು ಅಷ್ಟೇರಿ" ಎಂದು ಅವರು ನಿಟ್ಟುಸಿರಿಟ್ಟರು. ನಾನೂ ತಲೆಯಾಡಿಸಿದೆ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಎಷ್ಟು ಸಲೀಸು! ಮೊದಲನೆಯದಕ್ಕೆ ನಾಲಿಗೆ ಒಣಗಿತ್ತು, ಇದಕ್ಕೆ ಒಣಗಲೇ ಇಲ್ಲ.

ಸಾಬಮ್ಮನಿಗೆ ನಾನು ಇನ್ನೊಂದು ಕರು ಪಾಲಿಗೆ ಕೊಡುತ್ತೇನೆ ಎಂದೆ. ಅವಳು ಬೇಡವೆಂದಳು. "ನನ್ನ ಕೈಗಿ ಹೊತ್ತು ತಿಳಿಯಂಗಿಲ್ರಿ ಅಕ್ಕೋರ. ಆ ಹುಲ್ಲು ಕೊಯ್ದಾಕಿ ನಾ, ತಡ ಮಾಡಿದಾಕೀನೂ ನಾ." ಆಗ ನಾನು ದುಃಖದ ಮಾತೆಂದುಕೊಂಡೆ, ದಿನ ಕಳೆದರೆ ಸರಿಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸರಿಹೋಗಲಿಲ್ಲ. ಈಯುವ ಎಮ್ಮೆಗೆ ಕಷ್ಟವಾದರೆ ಊರಿನವರು ಬಂದು ಕರೆಯುತ್ತಿದ್ದರು, ಅವಳು ಏಳುತ್ತಿರಲಿಲ್ಲ. ಹಾಲು ಕರೆದುಕೊಡು ಎಂದರೂ ಇಲ್ಲ. ಎಳೆಗರು ಕಟ್ಟಿದ ಅಂಗಳದ ಮುಂದೆ ಹೋಗಬೇಕಾದರೆ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೋಗುತ್ತಿದ್ದಳು, ಕೈಯ ನೆರಳು ಕರುವಿನ ಮೇಲೆ ಬೀಳಬಾರದೆಂಬಂತೆ. ಭತ್ತದ ಗದ್ದೆಯ ಕೂಲಿಗೆ ಹೋಗತೊಡಗಿದಳು. ದಂಡೆಯ ಮೇಲೆ ಹಾಡು ನಿಂತಿತು. ನಾನು ಮೊಪೆಡ್ಡಿನ ಮೇಲೆ ಆ ದಂಡೆಯ ಗುಂಟ ದಿನಾ ಹಾದುಹೋದೆ.

ಒಂದು ಮಾತು ಹೇಳಿದ್ದರೆ ಸಾಕಿತ್ತು. ತಪ್ಪು ನಿನ್ನದಲ್ಲ — ಅಷ್ಟು. ಅದನ್ನು ಹೇಳಿದರೆ ಮತ್ತೆ ಯಾರದು ಎಂಬ ಪ್ರಶ್ನೆ ಏಳುತ್ತಿತ್ತಲ್ಲ... ಹೇಳಲಿಲ್ಲ. ಶಹಾಪುರಕ್ಕೆ ವರ್ಗವಾಯಿತು, ಆಮೇಲೆ ಯಾದಗಿರಿಗೆ. ಮೊಪೆಡ್ ಹಳತಾಗಿ ಗುಜರಿಗೆ ಹೋಯಿತು. ತಿಪ್ಪಣ್ಣ ತೀರಿಕೊಂಡ ಸುದ್ದಿ ಬಂದಾಗ ಹೋಗಿ ಮುಖ ತೋರಿಸಿ ಬಂದೆ. ಆಗಲೂ ಹೇಳಲಿಲ್ಲ. ಸಾವಿನ ಮನೆಯಲ್ಲಿ ಹೇಗೆ ಹೇಳುವುದು ಎಂದುಕೊಂಡೆ. ನನಗೆ ನೆಪಗಳಿಗೆ ಎಂದೂ ಬರ ಬಂದಿಲ್ಲ.

ಹೀಗೇ ಸಾಯುತ್ತಿದ್ದೆನೇನೋ, ಬುಂದಿ ಇಲ್ಲದಿದ್ದರೆ.

ಬುಂದಿ ನನ್ನ ನಾಯಿ. ನಿವೃತ್ತಿಯ ವರ್ಷ ತಾನಾಗಿಯೇ ಬಂದು ಬಾಗಿಲಲ್ಲಿ ಕೂತದ್ದು, ಬುಂದಿಕಾಳಿನ ಬಣ್ಣ. ನಾನು ಒಂಟಿಯಾಗಿಯೇ ಉಳಿದವಳು. ಮನೆಯಲ್ಲಿ ನಾನೂ ಅದೂ ಇಬ್ಬರೇ. ಈ ಬೇಸಿಗೆಯಲ್ಲಿ ನಾನು ಚೀಪಿ ಎಸೆದ ಮಾವಿನ ಗೊರಟೆಯನ್ನು ನುಂಗಿತು. ತಿಂದದ್ದು ಕಕ್ಕತೊಡಗಿತು, ಮೂಲೆ ಹಿಡಿದು ನರಳಿತು. ಆ ನರಳಿಕೆ ಕೇಳಿದ ಕೂಡಲೇ ಎದ್ದೆ. ಕಾರು ಬಾಡಿಗೆ ಮಾಡಿ ಕಲಬುರಗಿಗೆ ಓಡಿದೆ. ಹೊಟ್ಟೆಯ ಎಕ್ಸ್‌ರೇ ತೆಗೆದು ನೋಡಿದ ಹುಡುಗ ಡಾಕ್ಟರು ಹೇಳಿದ:

"ಕೊಯ್ದು ತೆಗೀಬೇಕ್ರಿ ಅಮ್ಮಾ. ಹೊತ್ತಿಗೆ ಬಂದೀರಿ, ಉಳಿತದ."

ಅದೇ ಮಾತು. ಇಷ್ಟು ವರ್ಷದ ಮೇಲೆ ಬೇರೊಂದು ಬಾಯಿಂದ ಅದೇ ಮಾತು.  ಖರ್ಚೆಷ್ಟು ಎಂದು ಕೇಳುವುದೂ ಹೊಳೆಯಲಿಲ್ಲ, ಮಾಡಿರಿ ಎಂದೆ. ಬಿಲ್ಲು ಕೊಡುವಾಗ ಅಲ್ಲಿದ್ದ ಹುಡುಗಿ, "ನಾಯಿಗಿ ಇನ್ಸೂರೆನ್ಸ್ ಮಾಡಸ್ರಿ ಅಮ್ಮಾ, ಈಗ ಆಪರೇಷನ್ ಖರ್ಚನೂ ಅವ್ರೇ ಕೊಡೂವಂಥಾವು ಬಂದಾವ" ಎಂದಳು. ನಾನು ಅವಳ ಮುಖವನ್ನೇ ನೋಡಿದೆ. ಉಳಿಸುವುದಕ್ಕೆ ಕೊಡುವ ವಿಮೆ. ಗುಡಿಯ ಅಂಗಳದಲ್ಲಿ ಎಮ್ಮೆಯ ಮುಖವನ್ನು ಎದೆಗೊತ್ತಿಕೊಂಡು ನಿಂತು ಸಾಬಮ್ಮ ನಂಬಿದ್ದ ವಿಮೆ.

ಬುಂದಿ ಉಳಿಯಿತು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದು ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿತು. ಆ ಮಧ್ಯಾಹ್ನ ನನಗೂ ಜೊಂಪು ಹತ್ತಿತು. ಕಾಲುವೆ ಬಂತು, ಮಂಜು ಬಂತು, ಚಂದ್ರಿ ಬಂತು. ಹಿಂದೆ ಸಾಬಮ್ಮ ಇರಲಿಲ್ಲ. ಎಮ್ಮೆ ಹಗ್ಗವನ್ನು ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು.

ಹೊಲಿಗೆ ಬಿಚ್ಚಿದ ಮೇಲೆ ನಾಯಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಸ್ಸು ಹತ್ತಿದೆ. ಶಹಾಪುರ, ಸುರಪುರ, ಅಲ್ಲಿಂದ ಆಟೋ. ಸಾಬಮ್ಮ ಅದೇ ತಗಡಿನ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಪಕ್ಕದ ಮನೆಯವರ ಎಳೆಗರುವೊಂದು ಎದುರಿನ ಗೂಟಕ್ಕೆ ಕಟ್ಟಿತ್ತು. ಅದರ ಕಡೆಗೆ ಬೆನ್ನು ಮಾಡಿ ಕೂತಿದ್ದಳು.

"ಅಕ್ಕೋರ! ಬರ್ರಿ ಬರ್ರಿ. ಎಷ್ಟ್ ದಿನಾತ್ರಿ! ಕೂಡ್ರಿ, ಚಾ ಮಾಡ್ತೀನಿ."

"ಚಾ ಆಮ್ಯಾಲ. ಮೊದಲ ನನ್ನ ಮಾತು ಕೇಳು" ಎಂದೆ. ನಿಂತೇ ಹೇಳಿದೆ. ಕೂತರೆ ಮತ್ತೆ ಪೀಠಿಕೆ ಶುರುವಾಗುತ್ತದೆ ಎಂಬ ಹೆದರಿಕೆ. "ಚಂದ್ರಿ ವಿಷಯ. ನೀ ತಡ ಮಾಡಿರಲಿಲ್ಲ ಸಾಬಮ್ಮ. ಡಾಕ್ಟರ್ ಹಂಗ ಅಂದೇ ಇಲ್ಲ. ಹೊತ್ತಿಗೆ ಬಂದೀರಿ, ಶಹಾಪುರಕ್ಕ ತರ್ರಿ, ಕೊಯ್ದು ತಂತಿ ತೆಗೀತೀವಿ ಅಂದಿದ್ರು. ನಾ ನಿನಗ ಸುಳ್ಳು ಹೇಳಿದೆ. ಖರ್ಚು ಮಾಡಾಕ ಮನಸಾಗಲಿಲ್ಲ. ಸತ್ರ ರೊಕ್ಕ ಬರ್ತದ ಅಂತ ಬಿಟ್ಟೆ."

ಮಣ್ಣಿನ ಮಾತನ್ನೂ ಹೇಳಿದೆ. ಬಸ್ ಸ್ಟ್ಯಾಂಡಿನಲ್ಲಿ ಡಾಕ್ಟರಿಗೆ ಅವಳ ಮೇಲೆ ಹೇಳಿದ್ದನ್ನೂ ಹೇಳಿದೆ. ಹೇಳುವುದು ಮುಗಿದ ಮೇಲೆ ಕಾಲುವೆಯ ಸದ್ದು ಕೇಳಿಸಿತು. ಅದು ಆಗಿನಿಂದಲೂ ಇತ್ತೋ ಏನೋ.

ಸಾಬಮ್ಮ ನನ್ನ ಚಪ್ಪಲಿಯನ್ನು ನೋಡುತ್ತಲೇ ಕೇಳಿದಳು:

"ಕೊಯ್ದಿದ್ರ ಉಳಿತಿತ್ತೇನ್ರಿ?"

"ಉಳಿತಿತ್ತು."

"ಹೊಟ್ಟ್ಯಾಗಿನ ಕರಾನೂ?"



"ಅದೂ."

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು. "ಹಂಗಾರ ನಾ ಹೊತ್ತಿಗೇ ಬಂದಿದ್ದೆ" ಎಂದಳು. ನನಗೆ ಹೇಳಿದ್ದಲ್ಲ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ, ಬಾಯೊಳಗೇ, "ಹೊತ್ತಿಗೇ ಬಂದಿದ್ದೆ" ಎಂದಳು. ಕ್ಷಮೆ ಕೇಳಬೇಕೆಂದಿದ್ದೆ. ಅದನ್ನು ಕೇಳಿದರೆ ಮತ್ತೆ ಅವಳಿಂದಲೇ ಏನೋ ಪಡೆದುಕೊಂಡು ಹೋದಂತಾಗುತ್ತದೆ ಎನ್ನಿಸಿ ಬಿಟ್ಟೆ.

"ಬಸ್ಸಿನ ಹೊತ್ತಾತು" ಎಂದಳು ಸಾಬಮ್ಮ. "ಹೋಗ್ರಿ."

ನಮ್ಮ ಕಡೆ ಹಗೆಯವರಿಗೂ ಹೋಗಿ ಬರ್ರಿ ಎನ್ನುತ್ತಾರೆ. ಅವಳು ಹೋಗ್ರಿ ಎಂದಳು. ಚಹಾದ ಮಾತು ಮತ್ತೆ ಬರಲಿಲ್ಲ. ನಾನು ಹೊರಟೆ.

ತಿರುವಿನ ಹತ್ತಿರ ತಡೆಯಲಾಗದೆ ಹಿಂದಿರುಗಿ ನೋಡಿದೆ. ಸಾಬಮ್ಮ ಕಟ್ಟೆಯಿಂದ ಇಳಿದಿದ್ದಳು. ಎದುರಿನ ಗೂಟದ ಹತ್ತಿರ, ಕರುವಿನಿಂದ ಒಂದು ಮಾರು ದೂರದಲ್ಲಿ ನಿಂತಿದ್ದಳು, ಕೈ ಇನ್ನೂ ಸೆರಗಿನೊಳಗೆ. ಕರು ಕತ್ತು ಚಾಚಿತು. ಅವಳು ಮೊದಲು ಒಂದು ಕೈ ಹೊರತೆಗೆದಳು, ಆಮೇಲೆ ಇನ್ನೊಂದು. ಎರಡನ್ನೂ ಅದರ ಬೆನ್ನ ಮೇಲಿಟ್ಟು ಹಾಗೇ ನಿಂತಳು.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕೈಗಳನ್ನು ಕಟ್ಟಿಹಾಕಿದ್ದವಳು ನಾನು. ಬಿಡಿಸಿದ ಪುಣ್ಯ ನನಗೆ ಬೇಡ. ಸದ್ದಾಗದ ಹಾಗೆ ತಿರುವು ದಾಟಿ ಬಸ್ಸಿನ ಕಡೆ ನಡೆದೆ.